ಕಾಡಿಗೆ ಒಯ್ಯಲೊಂದು ಚಾಕು

ಹತ್ತು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸು ಎಂದರೆ ನಾನು ಹೇಗೋ ಆರಿಸಿಬಿಡುತ್ತೇನೆ. ಹತ್ತರಲ್ಲಿ ಹೆಚ್ಚಿನವು ನೋಡಿದ ತಕ್ಷಣವೇ ಬೇಡವೆನಿಸುತ್ತವೆ, ಉಳಿದವುಗಳಲ್ಲಿ ಕಣ್ಣಿಗೆ ಹತ್ತಿರವಿದ್ದುದನ್ನು ಎತ್ತಿಕೊಂಡು ಬರುತ್ತೇನೆ. ಒಂದೇ ವಸ್ತುವಿದ್ದರಂತೂ ನನ್ನಷ್ಟು ಸುಖಿ ಇನ್ನೊಬ್ಬನಿಲ್ಲ. ನನ್ನ ಪ್ರಾಣ ತಿನ್ನುವುದು ಎರಡು. ಎರಡು ಅಂಗಿ, ಎರಡು ಬಣ್ಣದ ಪರದೆ, ಮೆನು ಕಾರ್ಡಿನಲ್ಲಿ ಒಂದರ ಕೆಳಗೊಂದು ಬರೆದ ಎರಡು ದೋಸೆ, ಇವುಗಳ ನಡುವೆ ನಾನು ಕಳೆದ ಆಯುಷ್ಯವನ್ನು ಒಟ್ಟುಗೂಡಿಸಿದ್ದರೆ ಇಷ್ಟು ಹೊತ್ತಿಗೆ ಸಂಸ್ಕೃತವನ್ನೋ ಸಿತಾರನ್ನೋ ಕಲಿತುಬಿಡಬಹುದಿತ್ತು. ಆದರೆ ಆ ಎರಡರಲ್ಲಿ ಯಾವುದನ್ನು ಕಲಿಯಬೇಕು ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ತಂದೆ ಮಗನ ಈ ಗುಣವನ್ನು ಬಲ್ಲವರು. ನನಗೆ ಹೆಣ್ಣು ನೋಡಲು ಹೊರಟಾಗ ಸಿಂದಗಿಯ ಒಂದೇ ಮನೆಗೆ ಕರೆದೊಯ್ದರು. ಅಲ್ಲಿ ಕೂತಿದ್ದ ಮಧ್ಯಸ್ಥಗಾರರು, "ಇದೇ ಓಣ್ಯಾಗ ಇನ್ನೊಂದು ಮನ್ಯಾಗೂ ಒಂದು ಹುಡುಗಿ..." ಎಂದು ಬಾಯಿ ತೆರೆದರು. ತಂದೆ ಆ ತೆರೆದ ಬಾಯಿಗೆ ತಟ್ಟೆಯಲ್ಲಿದ್ದ ಬೇಸನ್ ಉಂಡೆಯನ್ನು ಇಡಿಯಾಗಿ ತುರುಕಿದರು. ಅವರು ಅದನ್ನು ನುಂಗಿ ಮುಗಿಸುವಷ್ಟರಲ್ಲಿ ಮಾತುಕತೆ ಪಕ್ಕಾ ಆಗಿತ್ತು. "ಅವತ್ತ ಆ ಉಂಡಿ ಇರಲಿಲ್ಲಂದ್ರ ನೀವು ಇನ್ನೂ ಸಿಂದಗ್ಯಾಗ ಕಟ್ಟಿ ಮ್ಯಾಲ ಕುಂತು ವಿಚಾರ ಮಾಡ್ತಿದ್ರಿ" ಎಂದು ನನ್ನ ಹೆಂಡತಿ ಸುಮಾ ಆಗಾಗ ಹೇಳುತ್ತಾಳೆ. ಇಲ್ಲವೆನ್ನಲು ನನ್ನ ಬಳಿ ಸಾಕ್ಷಿಯಿಲ್ಲ.

ಈ ಸ್ವಭಾವದವನಿಗೆ ದೇವರು ಕೊಟ್ಟ ಉದ್ಯೋಗವೆಂದರೆ ತಪ್ಪು ಹುಡುಕುವುದು. ಹೈದರಾಬಾದಿನಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಇಂದು ಕುರಿ ಮೇಯುತ್ತಿದ್ದ ಗುಡ್ಡದ ಮೇಲೆ ಮುಂದಿನ ವರ್ಷ ಲಿಫ್ಟು ಏರಿಳಿಯುತ್ತಿತ್ತು. ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳ ಗುಣಮಟ್ಟ ನೋಡಿಕೊಂಡಿದ್ದ ನಾನು, ನಡುವಯಸ್ಸಿನಲ್ಲಿ ಒಂದು ಕೋರ್ಸು ಮುಗಿಸಿ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ವಿಭಾಗಕ್ಕೆ ಸೇರಿಕೊಂಡೆ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಎಡವುತ್ತದೆಂದು ಕಂಡುಹಿಡಿಯುವುದು ನನ್ನ ಕೆಲಸ. ಅಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಹುಡುಗರು, ಹುಡುಗಿಯರು. ನನ್ನ ಟೀಮ್ ಲೀಡರ್ ಪ್ರವೀಣ್ ಎಂಬ ತೆಲುಗು ಯುವಕ; ನಾನು ಮೊದಲ ಸಂಬಳ ಎಣಿಸುತ್ತಿದ್ದಾಗ ಅವನು ನಿಕ್ಕರು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಬೇಕು. ಆದರೂ ನನ್ನನ್ನು "ಬಸವರಾಜ್ ಗಾರು" ಎಂದೇ ಕರೆಯುತ್ತಿದ್ದ. ಆ 'ಗಾರು' ಕೇಳಿದಾಗಲೆಲ್ಲ ನನಗೆ ಮರ್ಯಾದೆಯ ಜೊತೆಗೆ ಒಂದಿಷ್ಟು ಬಿಳಿಗೂದಲನ್ನೂ ಕೊಟ್ಟಂತಾಗುತ್ತಿತ್ತು.

ವಾರವಿಡೀ ಎ.ಸಿ. ಕೋಣೆಯಲ್ಲಿ ಕೂತವರಿಗೆ ಶನಿವಾರ ಬಂದರೆ ಕಾಡು ಕರೆಯತೊಡಗುತ್ತದೆ. ಸನತ್‌ನಗರದಲ್ಲಿ ನನಗಾಗಲಿ ನನ್ನ ಜೊತೆಗಾರರಿಗಾಗಲಿ ಯಾವ ಕಾಡೂ ಕರೆದದ್ದಿಲ್ಲ. ಆದಿತ್ಯವಾರ ನಾವು ಮಲಗುತ್ತಿದ್ದೆವು. ಇಲ್ಲಿ ಹಾಗಲ್ಲ. ಒಂದು ದಿನ ಪ್ರವೀಣ್ ಎಲ್ಲರನ್ನೂ ಕೂಡಿಸಿ, ವಿಕಾರಾಬಾದಿನ ಆಚೆ ಅನಂತಗಿರಿ ಗುಡ್ಡಕ್ಕೆ ಎಲ್ಲರೂ ಕುಟುಂಬ ಸಮೇತ ಕ್ಯಾಂಪಿಂಗ್ ಹೋಗೋಣ, ಡೇರೆ ಹಾಕೋಣ, ಸೌದೆ ಒಲೆಯಲ್ಲಿ ಅಡುಗೆ ಮಾಡೋಣ ಎಂದು ಘೋಷಿಸಿದ. ಡೇರೆ ಒಬ್ಬರಿಗೆ, ಒಲೆ ಒಬ್ಬರಿಗೆ, ಹಗ್ಗ ಒಬ್ಬರಿಗೆ ಎಂದು ಸಾಮಾನು ಹಂಚುತ್ತ ನನ್ನ ಬಳಿ ಬಂದಾಗ ಅವನಿಗೆ ತುಸು ಸಂಕೋಚವಾಯಿತು. ಹಿರಿಯರು, ಏನು ಹೊರಿಸುವುದು? "ಬಸವರಾಜ್ ಗಾರು, ಮೀರು... ನೀವು ಒಂದು ಚಾಕು ತನ್ನಿ ಸಾಕು" ಎಂದ. ಒಂದು ಚಾಕು! ಎಷ್ಟು ಹಗುರವಾದ ಜವಾಬ್ದಾರಿ ಎಂದು ನಾನು ಕೃತಜ್ಞತೆಯಿಂದ ತಲೆಯಾಡಿಸಿದೆ. ಅಡುಗೆಮನೆಯ ಚಾಕು ಚೀಲಕ್ಕೆ ಹಾಕಿಕೊಂಡು ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತವನು ಸುಮ್ಮನಿರದೆ 'ಕ್ಯಾಂಪಿಂಗ್ ಚಾಕು' ಎಂದು ಹುಡುಕಿದೆ.

ಜಗತ್ತಿನಲ್ಲಿ ಚಾಕುವಿನ ಬಗ್ಗೆ ಇಷ್ಟೊಂದು ಮಾತನಾಡುವ ಗಂಡಸರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಎಲ್ಲೋ ಹಿಮ ಬೀಳುವ ದೇಶಗಳಲ್ಲಿ ಕೂತು ಅವರು ಹಗಲಿರುಳು ಬರೆದುಕೊಳ್ಳುತ್ತಿದ್ದರು. ಅವರ ಪ್ರಕಾರ ಮಡಚುವ ಚಾಕು ಹೊರಗಿನ ಕೆಲಸಕ್ಕೆ ಬಾರದು. ಯಾವಾಗ ಕೈಕೊಟ್ಟು ಬೆರಳಿನ ಮೇಲೆ ಮಡಚಿಕೊಳ್ಳುತ್ತದೋ ಹೇಳಲಾಗದು. ಅಲಗು ಹಿಡಿಕೆಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಬರೀ ಕೂತರೆ ಸಾಲದು, ಅಲಗಿನ ಉಕ್ಕು ಹಿಡಿಕೆಯ ಒಳಗೆ ತುದಿಯವರೆಗೂ ಒಂದೇ ತುಂಡಾಗಿ ಹೋಗಿರಬೇಕು. ತೀರ ಉದ್ದವಾದರೆ ಅದು ಮಚ್ಚು, ತೀರ ಗಿಡ್ಡವಾದರೆ ಪೆನ್ಸಿಲ್ ಹೆರೆಯುವುದು. ಅಂಗೈಯಗಲಕ್ಕಿಂತ ತುಸು ಉದ್ದದ ಮಧ್ಯಮ ಅಲಗೇ ಸರಿ. ಇಷ್ಟರವರೆಗೆ ಎಲ್ಲರೂ ಒಮ್ಮತದಿಂದಿದ್ದರು. ಆಮೇಲೆ ಜಗಳ ಶುರು. ಅರ್ಧ ಜನ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಪಕ್ಷ. ಇನ್ನರ್ಧ ಜನ ಕಾರ್ಬನ್ ಉಕ್ಕಿನ ಪಕ್ಷ; ಅದಕ್ಕೆ ತುಕ್ಕು ಹಿಡಿಯುತ್ತದೆ ನಿಜ, ಆದರೆ ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಕೂದಲು ಸೀಳುವ ಹರಿತ ಬರುತ್ತದೆ. ಮೊದಲ ಪಕ್ಷದವರು ಎರಡನೆಯವರನ್ನು ಹಳೇ ಕಾಲದವರೆಂದರೆ, ಇವರು ಅವರನ್ನು ಸೋಮಾರಿಗಳೆಂದರು. ಎರಡೂ ಕಡೆಯ ವಾದ ಓದುತ್ತಿದ್ದ ನಾನು, ಕೊನೆಗೆ ಯಾರದನ್ನು ಓದಿದೆನೋ ಅವರ ಪಕ್ಷಕ್ಕೆ ಸೇರಿಕೊಳ್ಳುತ್ತಿದ್ದೆ. ಬೆಳಿಗ್ಗೆ ಸ್ಟೇನ್‌ಲೆಸ್, ಸಂಜೆ ಕಾರ್ಬನ್.

"ಕಾಡಿನ್ಯಾಗ ಏನು ಹೆಚ್ಚೂದೈತಿ ನಿಮಗ?" ಎಂದು ಸುಮಾ ಕೇಳಿದಳು.

"ಹೆಚ್ಚೂದಲ್ಲ ಅದು. ಆಪತ್ತು ಬಂದ್ರ ಬೇಕಾಗತೈತಿ."

"ಎಂಥಾ ಆಪತ್ತು?"

ಅದನ್ನು ನಾನು ಯೋಚಿಸಿರಲಿಲ್ಲ. ನಮ್ಮ ಮನೆತನದಲ್ಲಿ ಬೀಟ್‌ರೂಟಿಗಿಂತ ಕೆಂಪಾದದ್ದನ್ನು ಯಾರೂ ಕೊಯ್ದವರಲ್ಲ. ಹಿಮದೇಶದವರು ಕರಡಿಯ ಬಗ್ಗೆ ಬರೆದಿದ್ದರು. ಅದನ್ನೇ ಹೇಳಿದೆ. "ಕರಡಿ ಬಂದ್ರ ನೀವು ಚಾಕು ತಗೀತೀರೇನು, ಓಡ್ತೀರೇನು?" ಎಂದಳು. ಎರಡು ಆಯ್ಕೆ ಕೊಟ್ಟಳು ನೋಡಿ, ನಾನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೆ.

ನಮ್ಮ ಮನೆ ಹಿಮಾಯತ್‌ನಗರದ ಒಂದು ಒಳ ಗಲ್ಲಿಯಲ್ಲಿ. ದೊಡ್ಡ ರಸ್ತೆಗೆ ಬಂದರೆ ಎಲ್ಲ ತರದ ಅಂಗಡಿಗಳು. ಅಲ್ಲೊಂದು ಹಳೆಯ ಅಂಗಡಿ, ಬೇಟೆಗಾರರ ಕಾಲದ್ದು. ಈಗ ಟಾರ್ಚು, ದುರ್ಬೀನು, ಬೂಟು ಮಾರುತ್ತಿದ್ದರು. ಮಾಲಿಕರು ಮೆಹಂದಿ ಗಡ್ಡದ ಹಿರಿಯರು. ನನಗೆ ಬೇಕಾದದ್ದನ್ನು ಹೇಳಿದಾಗ ಅವರು ಗಾಜಿನ ಪೆಟ್ಟಿಗೆ ತೆರೆದು ಮಖಮಲ್ಲಿನ ಮೇಲೆ ಚಾಕುಗಳನ್ನಿಟ್ಟರು. ಎಷ್ಟು? ಎರಡು. ಒಂದು ಸ್ಟೇನ್‌ಲೆಸ್, ಕಪ್ಪು ರಬ್ಬರಿನ ಹಿಡಿಕೆ, ಕೈಯಲ್ಲಿ ಹಿಡಿದರೆ ಜಾರದು. ಇನ್ನೊಂದು ಕಾರ್ಬನ್, ಬೀಟೆ ಮರದ ಹಿಡಿಕೆ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದು. ಎರಡರ ಉದ್ದವೂ ಒಂದೇ, ಎರಡಕ್ಕೂ ಸೊಂಟಕ್ಕೆ ಕಟ್ಟಿಕೊಳ್ಳುವ ಚರ್ಮದ ಒರೆ. ನಾನು ಒಂದನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ನಿಂತೆ. ಆಮೇಲೆ ಕೈ ಬದಲಿಸಿ ನಿಂತೆ. ಅಂಗಡಿಗೆ ಬಂದ ಒಂದಿಬ್ಬರು ಗಿರಾಕಿಗಳು ನನ್ನನ್ನು ನೋಡಿ ಬಾಗಿಲಿನಿಂದಲೇ ಹಿಂದಿರುಗಿದರು. ನಾಳೆ ಬರುತ್ತೇನೆಂದು ಹೇಳಿ ಹೊರಬಂದೆ. ಮರುದಿನ ಹೋದೆ, ಅದರ ಮರುದಿನವೂ ಹೋದೆ. ಮೊದಮೊದಲು ಮಾಲಿಕರು ಚಹಾ ತರಿಸುತ್ತಿದ್ದರು. ಕ್ರಮೇಣ ಚಹಾ ನಿಂತಿತು, ಆಮೇಲೆ ಮುಗುಳ್ನಗೆ ನಿಂತಿತು. ಕೊನೆಗೊಂದು ಸಂಜೆ ಅವರು ಕೈ ಮುಗಿದು, "ಸಾಬ್, ಇಸ್ಸೆ ಶಾದಿ ಕರ್ನಾ ಹೈ ಕ್ಯಾ? ಚಾಕೂ ಹೈ, ಲೇಲೋ!" ಎಂದರು. ಮದುವೆಯಾದರೆ ಸುಲಭವಿತ್ತು, ಅಲ್ಲಿ ಉಂಡೆ ಇರುತ್ತಿತ್ತು ಎಂದು ಹೇಳೋಣವೆನಿಸಿತು. ಅವರೇ ಒಂದು ದಾರಿ ತೋರಿಸಿದರು. ಎರಡಕ್ಕೂ ದುಡ್ಡು ಕೊಟ್ಟು ಮನೆಗೆ ಒಯ್ಯಿರಿ, ಬಳಸಿ ನೋಡಿರಿ, ಒಗ್ಗದ್ದನ್ನು ಇದ್ದ ಹಾಗೆಯೇ ವಾಪಸು ತಂದರೆ ಬದಲಿಗೆ ಒಳ್ಳೆಯ ಟಾರ್ಚು ಕೊಡುತ್ತೇನೆ. ಆದರೆ ಕ್ಯಾಂಪ್ ಮುಗಿಯುವತನಕ ಈ ಕಡೆ ಸುಳಿಯಬೇಡಿ.

ಹೀಗೆ ಎರಡು ಚಾಕುಗಳು ಮನೆಗೆ ಬಂದವು. ಆಗ ನನ್ನ ಅತ್ತೆ ಸಿಂದಗಿಯಿಂದ ಬಂದಿದ್ದರು. ಮಗಳ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಟ್ಟು ಹೋಗುವುದು ಅವರ ಪ್ರತಿ ಬೇಸಿಗೆಯ ಕಾರ್ಯಕ್ರಮ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಬೀಟೆ ಹಿಡಿಕೆಯ ಚಾಕುವಿನಿಂದ ಒಂದು ಬುಟ್ಟಿ ಮಾವಿನಕಾಯಿ ಹೋಳಾಗಿದ್ದವು. "ಅಳ್ಯಾರ, ಭಾಳ ಛಲೋ ಚಾಕು ತಂದೀರಿ ಬಿಡ್ರಿ. ಗೊರಟಾ ಸುದ್ದಾ ಕಚಕ್ಕಂತ ಕೊಯ್ತದ" ಎಂದರು. ಅಲಗನ್ನು ನೋಡಿ ನನ್ನ ಜೀವ ಹಾರಿತು. ಬೆಳ್ಳಿಯಂತಿದ್ದ ಉಕ್ಕು ಮಾವಿನ ಹುಳಿಗೆ ಮೋಡ ಕವಿದಂತೆ ಕಪ್ಪಾಗಿತ್ತು. ನಾನು ಅದನ್ನು ತೊಳೆದು, ಒರೆಸಿ, ಬಟ್ಟೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಮೃದುವಾಗಿ ಸವರುತ್ತ ಕೂತೆ. ಸುಮಾ ಬಾಗಿಲಿಗೊರಗಿ ನೋಡುತ್ತಿದ್ದಳು. "ಮದುವಿ ಆಗಿ ಇಷ್ಟು ವರ್ಷ ಆತು, ನನ್ನ ತಲಿಗೆ ಒಂದು ದಿನ ಎಣ್ಣಿ ಹಚ್ಚಿಲ್ಲ" ಎಂದಳು. ಅತ್ತೆ ನಕ್ಕರು. ನಾನು ತುಕ್ಕಿನ ರಸಾಯನಶಾಸ್ತ್ರ ವಿವರಿಸಲು ಹೊರಟೆ, ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳು ಪರೀಕ್ಷೆಯ ದಿನಗಳು. ಹರಿತ ನೋಡಲು ಕೈಮೇಲಿನ ಕೂದಲು ಬೋಳಿಸಬೇಕೆಂದು ಓದಿದ್ದೆ. ದಿನಕ್ಕೆರಡು ಸಲ ಬೋಳಿಸಿ ಬೋಳಿಸಿ ನನ್ನ ಎಡಗೈ ಮಗುವಿನ ಕೈಯಂತಾಯಿತು. ಆಫೀಸಿನಲ್ಲಿ ಒಬ್ಬಾಕೆ, ಯಾವ ಕ್ರೀಮು ಹಚ್ಚುತ್ತೀರಿ ಸರ್ ಎಂದು ಗುಟ್ಟಾಗಿ ಕೇಳಿದಳು. ಚಾಕುವಿನ ಬೆನ್ನಿಗೆ ಕಟ್ಟಿಗೆಯಿಂದ ಬಡಿದು ಸೌದೆ ಸೀಳುವುದು ಇನ್ನೊಂದು ಪರೀಕ್ಷೆ. ಹಿಮಾಯತ್‌ನಗರದಲ್ಲಿ ಸೌದೆ ಎಲ್ಲಿಂದ ಬರಬೇಕು? ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಯಾರೋ ಬಿಸಾಕಿದ ಮಂಚದ ಕಾಲೊಂದು ಬಿದ್ದಿತ್ತು. ಆದಿತ್ಯವಾರ ಬೆಳಿಗ್ಗೆ ಅದನ್ನು ನಿಲ್ಲಿಸಿ, ಮೇಲೆ ಚಾಕು ಇಟ್ಟು, ಲಟ್ಟಣಿಗೆಯಿಂದ ಬಡಿಯತೊಡಗಿದೆ. ಕೆಳಗಿನ ಮನೆಯ ನಿವೃತ್ತ ತೆಲುಗು ಮೇಷ್ಟ್ರು ಸದ್ದು ಕೇಳಿ ಮೇಲೆ ಬಂದರು. ಬೆವರು ಸುರಿಸುತ್ತ ಒಂದು ಚಾಕು ಕೈಯಲ್ಲಿ, ಇನ್ನೊಂದು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿ, "ಏಮೈಂದಂಡಿ ಬಸವರಾಜು ಗಾರು? ಇಂಟ್ಲೋ ಅಂದರೂ ಬಾಗುನ್ನಾರಾ?" ಎಂದು ಮೆಟ್ಟಿಲಲ್ಲೇ ನಿಂತು ಕೇಳಿದರು. ಏನೂ ಆಗಿಲ್ಲ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ನಂಬಲಿಲ್ಲವೆಂದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಒಂದು ಬಟ್ಟಲು ಪುಳಿಹೋರ ಅನ್ನ ಹಿಡಿದು ನಮ್ಮ ಮನೆಗೆ ಬಂದು ಸುಮಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದರು. ಪರೀಕ್ಷೆಯ ಫಲಿತಾಂಶವೇನೆಂದರೆ ಎರಡೂ ಚಾಕುಗಳು ಮಂಚದ ಕಾಲನ್ನು ಸಮಾನವಾಗಿ ಸೀಳಿದವು. ಲಟ್ಟಣಿಗೆಯೂ ಸೀಳಿಹೋಯಿತು.

ಸ್ವಂತ ಬುದ್ಧಿ ಓಡದಿದ್ದಾಗ ಬೇರೆಯವರ ಬುದ್ಧಿ ಕೇಳಬೇಕು. ಎರಡನ್ನೂ ಪ್ರವೀಣನಿಗೆ ತೋರಿಸೋಣವೆಂದು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಗೇಟಿನಲ್ಲಿ ಚೀಲಗಳ ತಪಾಸಣೆ ಅದೇ ವಾರ ಶುರುವಾಗಿತ್ತು. ನನಗೆ ನೆನಪೇ ಇರಲಿಲ್ಲ. ಅಲ್ಲಿದ್ದ ಕಾವಲುಗಾರ ಮಲ್ಲಪ್ಪ ಯಾದಗಿರಿ ಕಡೆಯವನು, ನಮ್ಮ ಭಾಷೆಯವನೆಂದು ದಿನಾ ನನಗೊಂದು ಸಲಾಮು ಜಾಸ್ತಿ ಹೊಡೆಯುತ್ತಿದ್ದ. ಚೀಲದೊಳಗೆ ಕೈಯಿಟ್ಟು ಮೊದಲನೆಯದನ್ನು ತೆಗೆದ. ನಕ್ಕ. ಎರಡನೆಯದನ್ನು ತೆಗೆದ. ನಗು ಹೋಯಿತು.

"ಸಾಹೇಬ್ರ, ಒಂದು ಇದ್ದಿದ್ರ ಹಣ್ಣು ಕೊಯ್ಯಾಕ ಅಂತ ಬಿಡ್ತಿದ್ದೆ. ಎರಡು ಯಾಕ್ರಿ?"

ಇದೇ ಪ್ರಶ್ನೆಯನ್ನು ಕಾವಲುಗಾರರ ಮೇಲ್ವಿಚಾರಕರು ಹಿಂದಿಯಲ್ಲೂ, ಸಿಬ್ಬಂದಿ ವಿಭಾಗದ ಅಧಿಕಾರಿಣಿ ಇಂಗ್ಲಿಷಿನಲ್ಲೂ ಕೇಳಿದರು. "ಒಂದನ್ನು ವಾಪಸು ಮಾಡಬೇಕು, ಯಾವುದೆಂದು ಗೊತ್ತಿಲ್ಲ" ಎಂಬ ನನ್ನ ಉತ್ತರ ಯಾವ ಭಾಷೆಯಲ್ಲೂ ನಂಬುವಂತಿರಲಿಲ್ಲ. ಆಕೆ ಕುರ್ಚಿಯನ್ನು ನನ್ನಿಂದ ತುಸು ದೂರ ಸರಿಸಿ, ಆಫೀಸಿನಲ್ಲಿ ಯಾರ ಮೇಲಾದರೂ ನಿಮಗೆ ಅಸಮಾಧಾನವಿದೆಯೇ, ಕೆಲಸದ ಒತ್ತಡವಿದೆಯೇ ಎಂದು ಬಹಳ ಮೃದುವಾಗಿ ವಿಚಾರಿಸಿದರು. ಪುಣ್ಯಕ್ಕೆ ಪ್ರವೀಣ್ ಓಡಿಬಂದು ಕ್ಯಾಂಪಿನ ವಿಷಯ ಹೇಳಿ ನನ್ನನ್ನು ಬಿಡಿಸಿದ. ಚಾಕುಗಳು ಮಾತ್ರ ಸಂಜೆಯವರೆಗೆ ಕಾವಲುಗಾರರ ಕೋಣೆಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ಸುದ್ದಿ ಹಬ್ಬಿ, ಚಹಾಕ್ಕೆ ಎದ್ದವರೆಲ್ಲ ಆ ಕೋಣೆಗೆ ಹೋಗಿ ನೋಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿ ಸ್ಟೇನ್‌ಲೆಸ್ ಮತ್ತು ಕಾರ್ಬನ್ ಎಂದು ಎರಡಾಗಿ ಒಡೆದಿತ್ತು. ಎರಡೂ ಕಡೆ ಸರಿಸಮ ಜನ. ಸಂಜೆ ಹೊರಡುವಾಗ ಮಲ್ಲಪ್ಪ ಚಾಕುಗಳನ್ನು ಕಾಗದದಲ್ಲಿ ಸುತ್ತಿಕೊಟ್ಟ. ಕಾಗದ ಬಿಚ್ಚಿದರೆ ಘಮ್ಮೆಂದು ಈರುಳ್ಳಿ ವಾಸನೆ. "ಊಟಕ್ಕ ಕುಂತಾಗ ಎರಡೂ ನೋಡಿದ್ನಿರಿ" ಎಂದ. ನಾನು ಆಸೆಯಿಂದ, "ಯಾವುದು ಛಲೋ ಐತಿ?" ಎಂದೆ. ಅವನು ಕಾಗದವನ್ನು ಮೂಸಿ ನೋಡಿ, "ಉಳ್ಳಾಗಡ್ಡಿ ಛಲೋ ಇತ್ರಿ" ಎಂದ.

ಕೊನೆಗೆ ಕ್ಯಾಂಪಿನ ದಿನ ಬಂದೇಬಿಟ್ಟಿತು. ನಾನು ಎರಡನ್ನೂ ಬೆಲ್ಟಿಗೆ ಕಟ್ಟಿಕೊಂಡೆ, ಬಲಕ್ಕೊಂದು, ಎಡಕ್ಕೊಂದು. ಬಯಲಾಟದಲ್ಲಿ ರಾಜನ ಹಿಂದೆ ನಿಲ್ಲುವ ಭಟನಂತೆ ಕಾಣುತ್ತಿದ್ದೆನೆಂದು ಸುಮಾ ಹೇಳಿದಳು. ರಾಜನ ಪಾತ್ರವನ್ನಾದರೂ ಕೊಡಬಹುದಿತ್ತು. ಕುಟುಂಬ ಸಮೇತ ಎಂದಿದ್ದರಿಂದ ಅತ್ತೆಯೂ ಹೊರಟರು. ಅನಂತಗಿರಿಯ ತಪ್ಪಲಿನಲ್ಲಿ ಮರಗಳ ನಡುವೆ ಒಂದು ಬಯಲು, ಪಕ್ಕದಲ್ಲೊಂದು ಕೆರೆ. ಹುಡುಗರು ಕಂಪ್ಯೂಟರಿನಲ್ಲಿ ಮುದ್ರಿಸಿ ತಂದ ಸೂಚನೆಗಳನ್ನು ಓದುತ್ತ ಡೇರೆಗಳನ್ನು ಎಬ್ಬಿಸಿದರು. ಗೂಟಗಳಿಗಿಂತ ಹಗ್ಗಗಳೇ ಜಾಸ್ತಿಯಾಗಿ, ಬಯಲೆಲ್ಲ ಜೇಡರ ಬಲೆಯಂತಾಗಿತ್ತು. ತರಕಾರಿಯನ್ನು ಹೆಂಗಸರು ಮನೆಯಿಂದಲೇ ಹೆಚ್ಚಿ ಡಬ್ಬಿಗಳಲ್ಲಿ ತಂದಿದ್ದರು. ಸೌದೆಯನ್ನು ಪ್ರವೀಣ್ ವಿಕಾರಾಬಾದಿನ ಡಿಪೋದಿಂದ ಸೀಳಿಸಿಯೇ ತಂದಿದ್ದ. ಊಟದ ತನಕ ನನ್ನ ಚಾಕುಗಳು ಒರೆಯಿಂದ ಹೊರಬರಲೇ ಇಲ್ಲ. ಯಾರಿಗಾದರೂ ಏನಾದರೂ ಕೊಯ್ಯುವುದಿದೆಯೇ ಎಂದು ನಾನು ಡೇರೆಯಿಂದ ಡೇರೆಗೆ ಅಲೆದೆ. ಬಿಸ್ಕತ್ತಿನ ಪೊಟ್ಟಣ ಕೂಡ ಎಲ್ಲರೂ ಹಲ್ಲಿನಿಂದಲೇ ಹರಿದರು.

ಊಟವಾದ ಮೇಲೆ ಅತ್ತೆ, "ನಾ ಸ್ವಲ್ಪ ಅಡ್ಡಾಗ್ತೀನಿ" ಎಂದು ನಮ್ಮ ಹಸಿರು ಡೇರೆಯೊಳಗೆ ಮಲಗಿದರು. ನಾವು ಮರದ ನೆರಳಲ್ಲಿ ಹರಟುತ್ತಿದ್ದೆವು. ಆಗ ಗುಡ್ಡದ ಕಡೆಯಿಂದ ಒಂದು ಹಿಂಡು ಆಡುಗಳು ಇಳಿದುಬಂದವು. ಮೇಯಿಸುವ ಮುದುಕಿ ಇನ್ನೂ ದೂರದಲ್ಲಿದ್ದಳು. ಆಡುಗಳು ನಮ್ಮ ಡೇರೆಗಳ ನಡುವೆ ನುಗ್ಗಿ, ಕಂಡದ್ದಕ್ಕೆಲ್ಲ ಬಾಯಿ ಹಾಕತೊಡಗಿದವು. ಹೆಂಗಸರು "ಹೋ ಹೋ" ಎಂದು ಎದ್ದರು. ಬೆದರಿದ ಒಂದು ಕರಿ ಆಡು ನಮ್ಮ ಡೇರೆಯ ಹಗ್ಗಕ್ಕೆ ಕೊರಳು ಸಿಕ್ಕಿಸಿಕೊಂಡಿತು. ಬಿಡಿಸಿಕೊಳ್ಳಲು ಗಿರಗಿರನೆ ಸುತ್ತಿದಂತೆ ಹಗ್ಗವೂ ಕೊರಳಿಗೆ ಸುತ್ತಿಕೊಂಡಿತು. ಗೂಟಗಳು ಒಂದೊಂದಾಗಿ ಕಿತ್ತುಬಂದು ಡೇರೆ ಧಡ್ಡನೆ ಅತ್ತೆಯ ಮೇಲೆ ಕುಸಿಯಿತು. ಆಡು ಅದರ ಮೇಲೆ ಹತ್ತಿ ಕುಣಿಯತೊಡಗಿತು. ಕೆಳಗಿನಿಂದ, "ಸುಮೀ! ಓಡಿ ಹೋಗವಾ, ಭೂಕಂಪ ಆಗಾಕತ್ತೈತಿ!" ಎಂದು ಕೂಗು ಕೇಳಿತು.

ಸುಮಾ ಆಗಲೇ ಡೇರೆಯ ಕಡೆಗೆ ಓಡಿದ್ದಳು. ನಾವೂ ಓಡಿದೆವು. ಆಡನ್ನು ಇಬ್ಬರು ಹಿಡಿದರು, ಆದರೆ ಬಿಗಿದ ಹಗ್ಗದ ಗಂಟು ಯಾರ ಬೆರಳಿಗೂ ಸಿಗಲಿಲ್ಲ. ಆಡಿನ ಕಣ್ಣುಗಳು ಮೇಲೆ ತೇಲತೊಡಗಿದವು, ಕೂಗು ನಿಂತು ಬರೀ ಗೊರಗೊರ. ಡೇರೆಯ ಬಟ್ಟೆ ಎತ್ತಲು ಹೋದರೆ ಹಗ್ಗ ಇನ್ನೂ ಬಿಗಿಯುತ್ತಿತ್ತು. ಒಳಗೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. "ಚಾಕು! ಬಸವರಾಜ್ ಗಾರು, ಚಾಕು!" ಎಂದು ಪ್ರವೀಣ್ ಕಿರುಚಿದ.

ನಾನು ಇಷ್ಟು ದಿನ ಕಾಯುತ್ತಿದ್ದ ಆಪತ್ತು ಬಂದಿತ್ತು. ಎರಡೂ ಕೈಯಿಂದ ಎರಡೂ ಚಾಕುಗಳನ್ನು ಸರ್ರನೆ ಹಿರಿದೆ. ಅದು ಚೆನ್ನಾಗಿ ಕಂಡಿರಬೇಕು, ಏಕೆಂದರೆ ಎಲ್ಲರೂ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ನಾನು ಹಗ್ಗದ ಮುಂದೆ ಮಂಡಿಯೂರಿದೆ. ಹಗ್ಗ ನೈಲಾನಿನದು. ನೈಲಾನಿಗೆ ಕಾರ್ಬನ್ ಹರಿತ ಒಳ್ಳೆಯದು. ಆದರೆ ಆಡಿನ ಕೊರಳು ಪಕ್ಕದಲ್ಲೇ ಇದೆ, ಕೈ ಬೆವರುತ್ತಿದೆ. ಬೀಟೆ ಮರ ಜಾರಿದರೆ? ರಬ್ಬರು ಹಿಡಿಕೆ ಜಾರುವುದಿಲ್ಲ. ಆದರೆ ಸ್ಟೇನ್‌ಲೆಸ್ಸನ್ನು ಮಂಚದ ಕಾಲಿನ ಮೇಲೆ ಬಡಿದ ಮೇಲೆ ಸರಿಯಾಗಿ ಮಸೆದಿರಲಿಲ್ಲವಲ್ಲ...

"ಕೊಡ್ರಿ ಇಲ್ಲಿ!" ಎಂದು ಸುಮಾ ನನ್ನ ಕೈಯಿಂದ ಒಂದನ್ನು ಕಸಿದುಕೊಂಡಳು. ಆಡಿನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿ, ಹಗ್ಗದ ಕೆಳಗೆ ಎರಡು ಬೆರಳು ತೂರಿಸಿ, ಅಲಗನ್ನು ಹೊರಮುಖವಾಗಿ ಒಮ್ಮೆ ಎಳೆದಳು. ಹಗ್ಗ ಫಟ್ಟೆಂದು ಕಡಿದುಹೋಯಿತು. ಆಡು ಒಂದು ಸಲ ಕೆಮ್ಮಿ, ನೆಗೆದು, ನನ್ನ ಎದೆಗೆ ಗುದ್ದಿ ಓಡಿತು. ನಾನು ಅಂಗಾತ ಬಿದ್ದೆ. ಯಾವುದು ಉಳಿದಿದೆಯೆಂದು ನೋಡಿಕೊಳ್ಳುವ ಮೊದಲೇ ನನ್ನ ಕೈಯಲ್ಲಿದ್ದ ಚಾಕು ಎಲ್ಲೋ ಹಾರಿತು. ಸುಮಾ ತನ್ನ ಕೈಯಲ್ಲಿದ್ದುದನ್ನು ಅತ್ತ ಎಸೆದು, ಡೇರೆಯ ಬಟ್ಟೆಯನ್ನು ಎತ್ತಿ, ಬೆವರಿ ತೊಯ್ದಿದ್ದ ಅತ್ತೆಯನ್ನು ತೋಳು ಹಿಡಿದು ಹೊರಗೆಳೆದಳು. ನಾನು ಎದ್ದು ನೋಡಿದೆ. ಹುಲ್ಲಿನಲ್ಲಿ ಎರಡೂ ಚಾಕುಗಳು ಅಕ್ಕಪಕ್ಕದಲ್ಲಿ ಬಿದ್ದಿದ್ದವು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

"ಯಾವುದರಿಂದ ಕೊಯ್ದಿ?"

ಸುಮಾ ನನ್ನ ಕಡೆ ತಿರುಗಿದಳು. "ನಮ್ಮವ್ವ ಜೀವಂತ ಅದಾಳೋ ಇಲ್ಲೋ, ಅದನ್ನ ಕೇಳ್ರಿ ಮೊದಲ!"

ಕೇಳಿದೆ. ಇದ್ದರು. ಆದರೆ ತಡವಾಗಿತ್ತು. ಸುಮಾ ಮುಂದೆ ನನ್ನೊಡನೆ ಮಾತಾಡಲಿಲ್ಲ. ಆಡಿನ ಮುದುಕಿ ಬಂದು, ಆಡಿನ ಕೊರಳು ಸವರಿ, ನಮ್ಮೆಲ್ಲರಿಗೂ ತೆಲುಗಿನಲ್ಲಿ ಯಥೇಚ್ಛವಾಗಿ ಬೈದು, ಸುಮಾಳ ಗಲ್ಲ ಮಾತ್ರ ಮುಟ್ಟಿ ಮುದ್ದಿಟ್ಟು ಹೋದಳು. ಹುಡುಗರೆಲ್ಲ ಸುಮಾಳ ಸುತ್ತ ಕೂತು, "ಅಕ್ಕಾ, ಸೂಪರ್ ಅಕ್ಕಾ" ಎನ್ನುತ್ತಿದ್ದರು. ನಾನು ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ಎದೆ ನೋಯುತ್ತಿತ್ತು, ಆಡಿನ ಗುದ್ದಿನಿಂದಷ್ಟೇ ಅಲ್ಲ. ಪ್ರಾಣ ಹೋಗುವ ಹೊತ್ತಿನಲ್ಲಿ ಹಿಡಿಕೆಯ ವಿಚಾರ ಮಾಡುತ್ತ ಕೂತ ಗಂಡನ ಬಗ್ಗೆ ಅವಳು ಏನೆಂದುಕೊಂಡಿರಬಹುದು? ಎರಡು ಚಾಕುಗಳನ್ನೂ ಕೆರೆಗೆ ಎಸೆದುಬಿಡೋಣವೆನಿಸಿತು. ಎಸೆಯಲು ಎದ್ದೆ ಕೂಡ. ಆದರೆ ಮೊದಲು ಯಾವುದನ್ನು ಎಸೆಯುವುದು?

ನನ್ನನ್ನು ಉಳಿಸಿದವರು ಅತ್ತೆ. ಚಹಾ ಕುಡಿದು ಸುಧಾರಿಸಿಕೊಂಡವರೇ ಜೋರಾಗಿ ನಗತೊಡಗಿದರು. "ಏ ಸುಮೀ, ಡೇರೇದಾಗ ಮಲಗಿದ್ದೆ, ಆಡು ಬಂದು ನನ್ನ ಹೊಟ್ಟಿ ಮ್ಯಾಲ ನಿಂತು ಕುಣೀತು ಅಂತ ಸಿಂದಗ್ಯಾಗ ಹೇಳಿದ್ರ ಯಾರರ ನಂಬ್ತಾರೇನ? ಕಣ್ಣು ತಗದ್ರ ಎಲ್ಲಾ ಹಸರು! ಸತ್ತು ಕೈಲಾಸಕ್ಕ ಬಂದೀನಿ ಅಂತ ತಿಳಕೊಂಡೆ. ಆಮ್ಯಾಲ ಅಳ್ಯಾರ ದನಿ ಕೇಳ್ತು, 'ಯಾವುದರಿಂದ ಕೊಯ್ದಿ' ಅಂತ. ಅಲ್ಲಲ್ಲ, ಇನ್ನೂ ಹೈದರಾಬಾದಿನ್ಯಾಗೇ ಅದೀನಿ ಅಂತ ಖಾತ್ರಿ ಆತು!" ನನ್ನ ದನಿಯನ್ನು ಅವರು ಅಣಕಿಸಿದ ರೀತಿಗೆ ಹುಡುಗರು ಹೊಟ್ಟೆ ಹಿಡಿದುಕೊಂಡರು. ಸುಮಾ ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ನಕ್ಕಳು. ನಕ್ಕವಳು ಒಂದು ತಟ್ಟೆ ಮಿರ್ಚಿ ಭಜಿ ತಂದು ನನ್ನ ಪಕ್ಕದಲ್ಲಿಟ್ಟು, "ನನಗೂ ನೆನಪಿಲ್ಲರಿ. ಖರೇನ ನೆನಪಿಲ್ಲ. ಕೈಗೆ ಸಿಕ್ಕದ್ದು ತಗೊಂಡೆ" ಎಂದಳು. ನಾನು ಕೇಳಿರಲಿಲ್ಲ. ನನ್ನ ಮುಖ ಕೇಳುತ್ತಿತ್ತಂತೆ.

ಅದರ ಮುಂದಿನ ವಾರ ಹಿಮಾಯತ್‌ನಗರದ ಅಂಗಡಿಗೆ ಹೋದೆ. ಮಾಲಿಕರು ಎರಡನ್ನೂ ದೀಪಕ್ಕೆ ಹಿಡಿದು ನೋಡಿದರು. ಒಂದರ ಮೇಲೆ ಮಾವಿನ ಕಲೆ, ಎರಡರ ಬೆನ್ನಿನ ಮೇಲೂ ಲಟ್ಟಣಿಗೆಯ ಗಾಯ, ಆಡಿನ ಕೂದಲು. ಎರಡನ್ನೂ ನನ್ನ ಕಡೆಗೇ ಸರಿಸಿ, ಅಂಗಡಿಯ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಟಾರ್ಚಿನ ಮಾತನ್ನು ನಾನೂ ಎತ್ತಲಿಲ್ಲ.

ಅತ್ತೆ ಊರಿಗೆ ಹೊರಟ ದಿನ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ನಾನೇ ಕಳಿಸಲು ಹೋದೆ. ಸಿಂದಗಿಯ ಮೇಲೆ ಹೋಗುವ ವಿಜಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಉಪ್ಪಿನಕಾಯಿಯ ಖಾಲಿ ಭರಣಿ ಕಾಲಡಿಗಿಟ್ಟು ಕೆಳಗಿಳಿದೆ. ಅವರು ಕಿಟಕಿಯಿಂದ ಬಗ್ಗಿ, "ಅಳ್ಯಾರ, ಒಂದು ಮಾತು ಕೇಳ್ತೀನಿ, ಇಲ್ಲನ್ನಬ್ಯಾಡ್ರಿ. ಆ ಚಾಕುದಾಗ ಒಂದು ನನಗ ಕೊಡ್ರಲಾ. ಊರಾಗ ಮಾವಿನಕಾಯಿ ಕೊಯ್ಯಾಕ ಆಗತೈತಿ" ಎಂದರು. ಅವು ನನ್ನ ಹೆಗಲ ಚೀಲದಲ್ಲೇ ಇದ್ದವು. ಯಾವುದು ನನಗೆ ಒಗ್ಗುತ್ತದೆಂದು ತಿಳಿಯಲು ಎರಡನ್ನೂ ಆಫೀಸೊಂದು ಬಿಟ್ಟು ಎಲ್ಲೆಡೆ ಜೊತೆಗಿಟ್ಟುಕೊಂಡು ತಿರುಗುವ ಅಭ್ಯಾಸವಾಗಿತ್ತು. ಎರಡನ್ನೂ ತೆಗೆದೆ. ಅತ್ತೆ ಕೈ ಚಾಚಿದರು. ಬೀಟೆ ಹಿಡಿಕೆಯದು ಕೊಡೋಣ, ಅದನ್ನು ಅವರು ಮೆಚ್ಚಿದ್ದಾರೆ. ಆದರೆ ಹುಳಿಗೆ ಕಪ್ಪಾಗುತ್ತದೆ, ಎಣ್ಣೆ ಹಚ್ಚುವವರು ಯಾರು? ಸ್ಟೇನ್‌ಲೆಸ್ ಕೊಡೋಣ. ಆದರೆ ಸಿಂದಗಿಯಲ್ಲಿ ಅದನ್ನು ಮಸೆಯುವುದು ಕಷ್ಟ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಕದಲಿತು. "ಯಾವುದರ ಒಂದು ಕೊಡ್ರಿ, ಬಸ್ ಹೊಂಟಿತ್ರಿ!" ಎಂದು ಅತ್ತೆ ಕೂಗಿದರು. ನಾನು ಬಸ್ಸಿನ ಜೊತೆ ಓಡುತ್ತ, ಓಡುತ್ತ ಯೋಚಿಸುತ್ತ, ನಿಲ್ದಾಣದ ತಿರುವು ಬಂದಾಗ ಎರಡನ್ನೂ ಕಿಟಕಿಯೊಳಗೆ ತುರುಕಿಬಿಟ್ಟೆ.

ಬಸ್ಸು ತಿರುಗಿ ಮರೆಯಾಯಿತು. ನನಗಾದ ನೆಮ್ಮದಿಯನ್ನು ಏನೆಂದು ಹೇಳಲಿ! ಹೆಗಲ ಚೀಲ ಹಗುರ, ತಲೆ ಹಗುರ. ಎಷ್ಟೋ ದಿನಗಳ ಮೇಲೆ ನಾನು ಏನನ್ನೂ ಆರಿಸಬೇಕಾಗಿರಲಿಲ್ಲ. ಒಂದು ಸೋಡಾ ಕುಡಿದೆ. ಆ ಅಂಗಡಿಯಲ್ಲಿ ಪುಣ್ಯಕ್ಕೆ ಒಂದೇ ತರದ್ದಿತ್ತು. ಜೀವನದಲ್ಲಿ ಎರಡು ವಸ್ತುಗಳನ್ನು ಒಟ್ಟಿಗೆ ಬಿಟ್ಟುಕೊಡುವುದೂ ಒಂದು ತೀರ್ಮಾನವೇ ಅಲ್ಲವೇ, ಅದನ್ನು ನಾನು ಓಡುತ್ತ ಓಡುತ್ತಲೇ ಮಾಡಿದೆನಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಹೊಸ ಮನುಷ್ಯನಂತೆ ಎದೆಯುಬ್ಬಿಸಿಕೊಂಡು ಸಿಟಿ ಬಸ್ಸಿನ ತಂಗುದಾಣಕ್ಕೆ ಬಂದೆ. ಹಿಮಾಯತ್‌ನಗರದ ಬಸ್ಸು ಬಂದಿತು. ಅದರ ಬೆನ್ನಿಗೇ ಇನ್ನೊಂದು ಹಿಮಾಯತ್‌ನಗರದ ಬಸ್ಸು ಬಂದು ನಿಂತಿತು. ಮುಂದಿನದರಲ್ಲಿ ಜನ ತುಸು ಹೆಚ್ಚಿದ್ದರು, ಆದರೆ ಮೊದಲು ಹೊರಡುತ್ತಿತ್ತು. ಹಿಂದಿನದರಲ್ಲಿ ಕೂರಲು ಜಾಗವಿತ್ತು, ಆದರೆ ಬಿಸಿಲು ಬೀಳುವ ಕಡೆ.

ಬಿಸಿಲಿನಲ್ಲಿ ನಡೆದುಕೊಂಡು ಮನೆ ಸೇರಿದಾಗ ಸುಮಾ, "ಯಾಕ್ರಿ, ಬಸ್ ಸಿಗಲಿಲ್ಲೇನು?" ಎಂದಳು. ಸಿಕ್ಕಿದ್ದವು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.